ಕಡಲಾಚೆಯ ಕಾದಂಬರಿಗಳಲ್ಲಿ ನಮ್ಮ ದೇವರು, ನಮ್ಮ ಹೆಂಗಸರು: ಯಾವ ಪುಸ್ತಕ ಯಾರಿಗೆ?

ಅಮೆರಿಕ, ಇಂಗ್ಲೆಂಡ್ ಕಡೆ ನೆಲೆಸಿದ ಭಾರತೀಯ ಮೂಲದವರು ಇಂಗ್ಲಿಷಿನಲ್ಲಿ ಬರೆದ ಕಾದಂಬರಿಗಳಲ್ಲಿ ಯಾವುದನ್ನು ಓದಬೇಕು ಅಂತ ಈಚೆಗೆ ತುಂಬ ಜನ ಕೇಳುತ್ತಿದ್ದಾರೆ. ಕೊಣಾಜೆಯಲ್ಲಿ ಎಂ.ಎ. ಓದುವ ಹುಡುಗಿಗೆ ಪ್ರಾಜೆಕ್ಟಿಗೆ ಬೇಕು. ಮಣಿಪಾಲದ ಓದುಬಳಗಕ್ಕೆ ತಿಂಗಳ ಚರ್ಚೆಗೆ ಬೇಕು. ಮಂಗಳೂರು ಕದ್ರಿಯ ಒಬ್ಬ ತಾಯಿಗೆ, ಟೆಕ್ಸಾಸಿಗೆ ಹೊರಟಿರುವ ಮಗಳ ಬ್ಯಾಗಿಗೆ ಹಾಕಲು ಬೇಕು. ಅವರದೊಂದು ಷರತ್ತೂ ಇದೆ: ನಮ್ಮ ದೇವರನ್ನು ಬೈದದ್ದು ಬೇಡ, ಹೆಂಗಸರನ್ನು ಬರೀ ಅಳಿಸಿದ್ದೂ ಬೇಡ.

ಎಲ್ಲರ ಕೈಯಲ್ಲಿರುವ ಪಟ್ಟಿ ಹೆಚ್ಚುಕಡಿಮೆ ಒಂದೇ. ಆದರೆ ಎಲ್ಲರಿಗೂ ಒಂದೇ ಪುಸ್ತಕ ಹೇಳಲು ಆಗುವುದಿಲ್ಲ. ಅದಕ್ಕೇ ಮೊದಲು ಏನನ್ನು ನೋಡಬೇಕು ಅಂತ ಮಾತಾಡಿ, ಆಮೇಲೆ ಒಂದೊಂದೇ ಪುಸ್ತಕಕ್ಕೆ ಬರುತ್ತೇನೆ.

ಏನನ್ನು ನೋಡಬೇಕು

ಮೊದಲನೆಯದು, ದೇವರ ಕೆಲಸ ಯಾರ ಪಾಲಿಗೆ ಬಂದಿದೆ ಅನ್ನುವುದು. ಈ ಪುಸ್ತಕಗಳಲ್ಲಿ ಗಂಡನಿಗೆ ಹೊರಗೆ ಯೂನಿವರ್ಸಿಟಿಯೋ ಆಫೀಸೋ ಅಂಗಡಿಯೋ ಇರುತ್ತದೆ. ಹೆಂಡತಿಗೆ ಮನೆಯೊಳಗಿನ ದೀಪ, ಕುಂಕುಮ, ಉಪವಾಸ, ಮಗುವಿನ ಅನ್ನಪ್ರಾಶನ. ಊರಿನಲ್ಲಾದರೆ ಭಟ್ಟರು, ಅತ್ತೆ, ಪಕ್ಕದ ಮನೆಯವರು ಎಲ್ಲ ಸೇರಿ ಮಾಡುವುದನ್ನು ಅಲ್ಲಿ ಅವಳೊಬ್ಬಳೇ ನೆನಪಿಟ್ಟುಕೊಂಡು ಮಾಡಬೇಕು. ಹಾಗಾಗಿ ಧರ್ಮವನ್ನು ಹೇಗೆ ತೋರಿಸಿದ್ದಾರೆ, ಹೆಂಗಸರನ್ನು ಹೇಗೆ ತೋರಿಸಿದ್ದಾರೆ ಅನ್ನುವುದು ಬೇರೆ ಬೇರೆ ಪ್ರಶ್ನೆ ಅಂತ ನನಗೆ ಅನ್ನಿಸುವುದಿಲ್ಲ. ಧರ್ಮ ದಿನದ ಕೆಲಸವಾಗಿ ಬಂದ ಪುಸ್ತಕದಲ್ಲಿ ಹೆಂಗಸಿಗೂ ಮೈ, ಮನಸ್ಸು, ಸುಸ್ತು, ಸಿಟ್ಟು ಎಲ್ಲ ಇರುತ್ತದೆ. ಧರ್ಮ ಬರೀ ಜ್ಯೋತಿಷ್ಯ, ಶಾಪ, ಪವಾಡವಾಗಿ ಬಂದರೆ ಅವಳೂ ಬೊಂಬೆಯಾಗಿಬಿಡುವ ಸಂಭವ ಜಾಸ್ತಿ.

ಎರಡನೆಯದು, ಬಾಗಿಲು ಎಲ್ಲಿದೆ? ಹೆಂಗಸಿಗೆ ಬಿಡುಗಡೆ ಅಂದರೆ ವಿಮಾನ ಹತ್ತುವುದು ಮಾತ್ರವಾ? ಊರಿನಲ್ಲೇ ಉಳಿದ ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರಿಗೂ ಯೋಚನೆ ಮಾಡುವ ತಲೆಯಿದೆ ಅಂತ ಲೇಖಕರು ಒಪ್ಪುತ್ತಾರಾ?

ಮೂರನೆಯದು, ಯಾರಿಗೆ ಹೇಳುತ್ತಿದ್ದಾರೆ? ಸೀರೆ ಅಂದರೆ ಏನು, ಕುಂಕುಮ ಯಾಕೆ ಅಂತ ಪ್ರತಿ ಪುಟದಲ್ಲಿ ಹೊರಗಿನವರಿಗೆ ವಿವರಿಸುತ್ತಾ ಹೋದರೆ ನಮಗೆ ಬೇಜಾರಾಗುತ್ತದೆ. ಕೆಲವರು ಮಾತ್ರ ಆ ವಿವರಣೆಯನ್ನೇ ಕತೆಯ ಭಾಗ ಮಾಡಿಬಿಡುತ್ತಾರೆ.

ಇನ್ನೊಂದು ನಮ್ಮ ಕರಾವಳಿ ಕಡೆಯ ಪ್ರಶ್ನೆ. ಈ ಪುಸ್ತಕಗಳ ‘ಭಾರತೀಯ ಹೆಣ್ಣು’ ಹೆಚ್ಚಾಗಿ ಬಂಗಾಳದ ಮೇಲ್ಜಾತಿಯವಳು, ಇಲ್ಲವೇ ಪಂಜಾಬಿನವಳು. ನಾಗಬನ ಇಲ್ಲ, ಭೂತದ ಕೋಲ ಇಲ್ಲ. ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಅಳಿಯಕಟ್ಟು ಅಂತೂ ಇಲ್ಲವೇ ಇಲ್ಲ. ಇಲ್ಲಿ ಬಂಟರು, ಬಿಲ್ಲವರು, ಮೊಗವೀರರಲ್ಲಿ ಅದು ಎಷ್ಟು ಗಟ್ಟಿಯಾಗಿತ್ತು ಅಂದರೆ 1949ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೇ ಅಂತ ಒಂದು ಕಾಯ್ದೆ ತಂದಿತ್ತು. ಆ ಮನೆಗಳಲ್ಲೂ ಹೆಂಗಸರಿಗೆ ಕಷ್ಟ ಇತ್ತು, ಆದರೆ ಅದು ಬೇರೆ ಕಷ್ಟ. ಲೇಖಕರು ತಮಗೆ ಗೊತ್ತಿದ್ದ ಲೋಕವನ್ನು ಬರೆದರೆ ತಪ್ಪೇನಿಲ್ಲ. ಹಿಂಬದಿ ರಕ್ಷಾಪುಟದಲ್ಲಿ ‘ಭಾರತೀಯ ನಾರಿಯ ಕತೆ’ ಅಂತ ಅಚ್ಚು ಹಾಕಿದವರನ್ನು ಮಾತ್ರ, ಯಾವ ಭಾರತ ಮಾರಾಯ್ರೆ ಅಂತ ಕೇಳಬೇಕು.

ಇದರ ಮೇಲೆ ನಿಮ್ಮ ದುಡ್ಡು, ಪುರುಸೊತ್ತು, ಇಂಗ್ಲಿಷ್ ಓದಿನ ಅಭ್ಯಾಸ. ಅದನ್ನು ಆಯಾ ಪುಸ್ತಕದ ಜೊತೆಗೇ ಹೇಳುತ್ತೇನೆ.

ಜುಂಪಾ ಲಾಹಿರಿ: ಅಡುಗೆಮನೆಯಿಂದ ಶುರು

ಲಾಹಿರಿ ಹುಟ್ಟಿದ್ದು 1967ರಲ್ಲಿ ಲಂಡನ್ನಿನಲ್ಲಿ, ಬೆಳೆದದ್ದು ಅಮೆರಿಕದ ರೋಡ್ ಐಲೆಂಡಿನಲ್ಲಿ. ಮೊದಲ ಕಥಾಸಂಕಲನ ‘ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್’ 1999ರಲ್ಲಿ ಬಂತು, ಮರುವರ್ಷ ಅದಕ್ಕೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. 2003ರಲ್ಲಿ ‘ದಿ ನೇಮ್‌ಸೇಕ್’ ಕಾದಂಬರಿ.

ಸಂಕಲನದಲ್ಲಿ ‘ಮಿಸೆಸ್ ಸೇನ್ಸ್’ ಅಂತ ಒಂದು ಕತೆಯಿದೆ. ಕರಾವಳಿಯವರು ಇದನ್ನು ಓದದೇ ಇರಬಾರದು. ಗಂಡ ಯೂನಿವರ್ಸಿಟಿಯಲ್ಲಿ ಗಣಿತ ಕಲಿಸುತ್ತಾನೆ. ಹೆಂಡತಿ ಅಪಾರ್ಟ್‌ಮೆಂಟಿನಲ್ಲಿ ಎಲಿಯಟ್ ಅನ್ನುವ ಹನ್ನೊಂದು ವರ್ಷದ ಹುಡುಗನನ್ನು ನೋಡಿಕೊಳ್ಳುತ್ತಾಳೆ. ದಿನಾ ನೆಲದ ಮೇಲೆ ಪೇಪರ್ ಹಾಸಿ, ಊರಿನಿಂದ ತಂದ ಬಾಗಿದ ಅಲಗಿನ ಕತ್ತಿಯ ಮುಂದೆ ಕೂತು ತರಕಾರಿ ಹೆಚ್ಚುತ್ತಾಳೆ. ನಮ್ಮ ಮೆಟ್ಟುಕತ್ತಿಯ ಅಕ್ಕತಂಗಿಯೇ ಅದು. ಹುಡುಗ ದೂರ ನಿಂತು ನೋಡಬೇಕು, ಹತ್ತಿರ ಬರುವಂತಿಲ್ಲ. ಇಡೀ ಮೀನು ಸಿಕ್ಕಿದ ದಿನ ಅವಳ ಮುಖವೇ ಬೇರೆ. ಬಸ್ಸಿನಲ್ಲಿ ಆ ಮೀನಿನ ಚೀಲಕ್ಕೆ ಆಕ್ಷೇಪ ಬರುತ್ತದೆ. ಬಂದರಿನಿಂದ ಬಂಗುಡೆ ಹಿಡಿದುಕೊಂಡು ಬಸ್ ಹತ್ತಿದ ಯಾರಿಗಾದರೂ ಆ ನೋಟ ಗೊತ್ತಿರುತ್ತದೆ. ಕಾರು ಓಡಿಸಲು ಅವಳಿಗೆ ಭಯ. ಕೊನೆಗೆ ಮೀನಿಗಾಗಿಯೇ ಕಾರು ತೆಗೆಯುತ್ತಾಳೆ. ಏನಾಯಿತು ಅಂತ ಹೇಳುವುದಿಲ್ಲ.

ಇದರಲ್ಲಿ ಧರ್ಮ ಎಲ್ಲಿದೆ? ಬೈತಲೆಯ ಸಿಂಧೂರದಲ್ಲಿದೆ. ಎಲಿಯಟ್ ಕೇಳುತ್ತಾನೆ, ಅದು ಮದುವೆಯ ಉಂಗುರದ ಹಾಗಾ ಅಂತ. ಹೌದು, ಪಾತ್ರೆ ತೊಳೆಯುವಾಗ ನೀರಿನಲ್ಲಿ ಕಳೆದುಹೋಗುವ ಭಯ ಮಾತ್ರ ಇಲ್ಲ ಅನ್ನುವ ಅರ್ಥದಲ್ಲಿ ಅವಳು ಉತ್ತರಿಸುತ್ತಾಳೆ. ವಿವರಣೆ ಕತೆಯ ಭಾಗವಾಗುವುದು ಅಂದರೆ ಇದೇ. ಮೀನು ತಿನ್ನುವ, ಸಿಂಧೂರ ಇಡುವ ಹಿಂದೂ ಮನೆ ಅಮೆರಿಕನ್ ಓದುಗರಿಗೆ ಹೊಸದಾಗಿದ್ದೀತು. ಸಾರಸ್ವತರು, ಮೊಗವೀರರು, ಬಂಟರು ಇರುವ ನಮ್ಮ ಊರಿನಲ್ಲಿ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಅದೇ ಸಂಕಲನದ ‘ದಿಸ್ ಬ್ಲೆಸ್ಡ್ ಹೌಸ್’ ಇನ್ನೂ ತಮಾಷೆಯಾಗಿದೆ. ಹೊಸ ಮನೆಗೆ ಬಂದ ಸಂಜೀವ್ ಮತ್ತು ಟ್ವಿಂಕಲ್‌ಗೆ ಅಲ್ಲಲ್ಲಿ ಏಸುವಿನ, ಮೇರಿಯ ವಿಗ್ರಹಗಳು ಸಿಗುತ್ತವೆ. ಅವಳು ಒಂದೊಂದನ್ನೂ ಎತ್ತಿ ಜೋಡಿಸಿಡುತ್ತಾಳೆ. ಅವನಿಗೆ ಕಿರಿಕಿರಿ, ನಾವು ಕ್ರಿಶ್ಚಿಯನ್ನರಲ್ಲ ಅಂತ ಗೊಣಗುತ್ತಾನೆ. ಅವಳಿಗೆ ತಾನು ಹಿಂದೂ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಅದಕ್ಕೇ ಭಯವೂ ಇಲ್ಲ. ಮನೆಯ ಪಕ್ಕದಲ್ಲೇ ಇಗರ್ಜಿ ಇರುವ ಮಂಗಳೂರಿನವರಿಗೆ ಈ ಜಗಳ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

‘ದಿ ನೇಮ್‌ಸೇಕ್’ ಶುರುವಾಗುವುದು 1968ರಲ್ಲಿ. ತುಂಬು ಬಸುರಿ ಆಶಿಮಾ ಅಮೆರಿಕದ ಅಡುಗೆಮನೆಯಲ್ಲಿ ನಿಂತು, ಡಬ್ಬಿಯ ಅಕ್ಕಿ ಸೀರಿಯಲ್ಲಿಗೆ ಕಡಲೆಬೀಜ, ಈರುಳ್ಳಿ, ಹಸಿಮೆಣಸು, ನಿಂಬೆರಸ ಹಾಕಿ ಕಲ್ಕತ್ತೆಯ ರಸ್ತೆಬದಿಯ ಮಂಡಕ್ಕಿಯ ರುಚಿ ಬರಿಸಲು ನೋಡುತ್ತಿದ್ದಾಳೆ. ಸಾಸಿವೆ ಎಣ್ಣೆ ಇಲ್ಲ. ನಮ್ಮ ಅಜ್ಜಿಯಂದಿರ ಹಾಗೆ ಅವಳೂ ಗಂಡನ ಹೆಸರು ಹೇಳುವವಳಲ್ಲ. ದುರ್ಗಾಪೂಜೆಯನ್ನು ಶನಿವಾರ ನೋಡಿ, ಶಾಲೆಯ ಹಾಲ್ ಹಿಡಿದು ಮಾಡುತ್ತಾರೆ. ದೇವಿ ಅಲ್ಲಿ ರಟ್ಟಿನವಳು. ಮಕ್ಕಳು ಹೂವೆಸೆದು, ಸಪ್ಪೆ ಊಟ ಮಾಡಿ, ಯಾವಾಗ ಮನೆಗೆ ಹೋಗುವುದು ಅಂತ ಕಾಯುತ್ತಾರೆ. ಕುದ್ರೋಳಿಯ ದಸರಾ ನೋಡಿದವರಿಗೆ ಪಾಪ ಅನ್ನಿಸಬಹುದು. ಲಾಹಿರಿ ಅದನ್ನು ಗೇಲಿ ಮಾಡುವುದಿಲ್ಲ, ಅಯ್ಯೋ ಅಂತಲೂ ಅನ್ನುವುದಿಲ್ಲ. ಆ ಪೂಜೆ ಆಗಬೇಕಾದರೆ ಯಾರೋ ಹೆಂಗಸರು ಅಷ್ಟು ಜನಕ್ಕೆ ಅಡುಗೆ ಮಾಡಿದ್ದಾರೆ ಅನ್ನುವುದು ಮಾತ್ರ ತಾನಾಗಿ ಗೊತ್ತಾಗುತ್ತದೆ.

ಕೊನೆಗೆ ಆಶಿಮಾ ಮನೆ ಮಾರುತ್ತಾಳೆ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅಂತ ತಾನೇ ನಿರ್ಧರಿಸುತ್ತಾಳೆ. ಬಾಗಿಲು ಎರಡೂ ಕಡೆ ಇದೆ. ನನ್ನ ತಕರಾರು ಇರುವುದು ಸೊಸೆ ಮೌಶುಮಿಯ ವಿಷಯದಲ್ಲಿ. ಓದಿದವಳು, ಫ್ರೆಂಚ್ ಬಲ್ಲವಳು, ಮದುವೆಯ ಹೊರಗೆ ಸಂಬಂಧ ಇಟ್ಟುಕೊಂಡವಳು. ಆಶಿಮಾಳ ಮೇಲಿರುವ ತಾಳ್ಮೆ ಲೇಖಕಿಗೆ ಇವಳ ಮೇಲೆ ಇಲ್ಲ. ಹಳೇ ಹೆಂಗಸು ಒಳ್ಳೆಯವಳು, ಹೊಸಬಳು ಕೈಕೊಟ್ಟವಳು ಅನ್ನುವ ಲೆಕ್ಕಕ್ಕೆ ಇದು ಹತ್ತಿರ ಬರುತ್ತದೆ.

ಸುಮಾರು 300 ಪುಟ, ಸರಳ ಇಂಗ್ಲಿಷ್. ಮೀರಾ ನಾಯರ್ 2006ರಲ್ಲಿ ಇದನ್ನು ಸಿನಿಮಾ ಮಾಡಿದರು. ಪುರುಸೊತ್ತು ಕಡಿಮೆ ಇದ್ದರೆ ಕಾದಂಬರಿ ಬಿಟ್ಟು ಸಂಕಲನ ತೆಗೆದುಕೊಳ್ಳಿ. ಒಂಬತ್ತು ಕತೆ, ಒಂದೊಂದು ಒಂದು ಕೂರಿಗೆ ಮುಗಿಯುತ್ತದೆ.

ಭಾರತಿ ಮುಖರ್ಜಿ: ಬೆಂಕಿ, ಕಾಳಿ, ಹೊಸ ಹೆಸರು

ಕೊಣಾಜೆಯ ಹುಡುಗಿಯ ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ‘ಜಾಸ್ಮಿನ್’ (1989). ಪ್ರಾಜೆಕ್ಟಿಗೆ ಇದು ಯಾಕೆ ಇಷ್ಟವಾಗುತ್ತದೆ ಅಂತ ಅರ್ಥವಾಗುತ್ತದೆ. ಬರೆಯಲು ಹಿಡಿತ ಸಿಗುವ ಜಾಗಗಳು ಬೇಕಾದಷ್ಟಿವೆ.

ಪಂಜಾಬಿನ ಹಳ್ಳಿಯ ಜ್ಯೋತಿಗೆ ಏಳು ವರ್ಷವಾದಾಗ ಜೋಯಿಸರೊಬ್ಬ ವೈಧವ್ಯ, ಪರದೇಶ ಎರಡನ್ನೂ ಭವಿಷ್ಯ ಹೇಳುತ್ತಾನೆ. ಹಣೆಯಲ್ಲಿ ಗಾಯ, ಅದು ಮೂರನೇ ಕಣ್ಣಂತೆ. ಮುಂದೆ ಗಂಡ ಬಾಂಬಿಗೆ ಬಲಿಯಾಗುತ್ತಾನೆ. ಅವನು ಓದಬೇಕಿದ್ದ ಫ್ಲೋರಿಡಾದ ಕಾಲೇಜಿಗೆ ಹೋಗಿ, ಅಲ್ಲಿ ಅವನ ಸೂಟಿನ ಜೊತೆ ತಾನೂ ಸುಟ್ಟುಕೊಳ್ಳಬೇಕು ಅಂತ ಅವಳು ಕಳ್ಳದಾರಿಯಲ್ಲಿ ಅಮೆರಿಕ ಸೇರುತ್ತಾಳೆ. ಅಲ್ಲಿ ಅತ್ಯಾಚಾರ ಮಾಡಿದವನನ್ನು, ತನ್ನ ನಾಲಗೆ ಸೀಳಿಕೊಂಡು ರಕ್ತ ಸುರಿಸುತ್ತಾ, ಕಾಳಿಯ ಹಾಗೆ ನಿಂತು ಕೊಲ್ಲುತ್ತಾಳೆ. ಗಂಡ ಇಟ್ಟಿದ್ದ ಜಾಸ್ಮಿನ್ ಅನ್ನುವ ಹೆಸರು ಆಮೇಲೆ ಜೇಸ್, ಜೇನ್ ಅಂತ ಬದಲಾಗುತ್ತಾ ಹೋಗುತ್ತದೆ.

ಸಹಗಮನದ ಮಾತು ಲೇಖಕಿಯ ತಲೆಯಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಪುಸ್ತಕ ಬರುವ ಎರಡು ವರ್ಷ ಮೊದಲು, 1987ರಲ್ಲಿ, ರಾಜಸ್ಥಾನದ ದೇವರಾಲಾದಲ್ಲಿ ರೂಪ್ ಕನ್ವರ್ ಗಂಡನ ಚಿತೆಯಲ್ಲಿ ಸುಟ್ಟುಹೋಗಿ ದೇಶವೇ ಗದ್ದಲ ಎದ್ದಿತ್ತು. ಕೇಂದ್ರ ಸರ್ಕಾರ ಹೊಸ ಕಾಯ್ದೆ ತಂದಿತ್ತು. ಆದರೆ ನಾನು ಮೊದಲು ಹೇಳಿದ ಅಳತೆಗೆ ಹಿಡಿದರೆ ಇಲ್ಲಿ ಧರ್ಮ ಪೂರ್ತಿ ಭವಿಷ್ಯ, ಬೆಂಕಿ, ಉಗ್ರರೂಪ. ಒಂದು ಮಾಮೂಲಿ ಸಂಜೆಯ ದೀಪ ಇಲ್ಲ. ಬಾಗಿಲು ಒಂದೇ ದಿಕ್ಕಿಗೆ ತೆರೆಯುತ್ತದೆ, ಪಶ್ಚಿಮಕ್ಕೆ. ಊರಿನಲ್ಲಿ ಉಳಿದ ಹೆಂಗಸರು ಕತ್ತಲಲ್ಲೇ ಉಳಿಯುತ್ತಾರೆ.

ಹಾಗಂತ ಪುಸ್ತಕ ಬಿಸಾಡಬೇಡಿ. ಮುಖರ್ಜಿ (1940–2017) ತನ್ನನ್ನು ‘ಏಷ್ಯನ್ ಅಮೆರಿಕನ್’ ಅಂತ ಕರೆಯುವುದನ್ನು ಒಪ್ಪುತ್ತಿರಲಿಲ್ಲ. ನಾನು ಅಮೆರಿಕನ್ ಲೇಖಕಿ, ಅಷ್ಟೇ ಅನ್ನುತ್ತಿದ್ದರು. ಊರು ನೆನೆದು ಕೊರಗುವ ಹೆಂಗಸು ಅವರಿಗೆ ಬೇಡವಾಗಿತ್ತು. ಜಾಸ್ಮಿನ್ ತಪ್ಪು ಮಾಡುತ್ತಾಳೆ, ಆಸೆಪಡುತ್ತಾಳೆ, ಬಿಟ್ಟು ಹೊರಡುತ್ತಾಳೆ. ಆ ಧೈರ್ಯಕ್ಕೆ ಒಂದು ರುಚಿ ಇದೆ. ಆದರೆ ಮೊದಲ ಸಲ ಹೊರಡುವ ಮಗಳ ಬ್ಯಾಗಿಗೆ ಇದು ಬೇಡ. ಹಿಂಸೆ ಬಹಳ.

ಚಿತ್ರಾ ಬ್ಯಾನರ್ಜಿ ದಿವಾಕರುಣಿ: ಎರಡು ಬೇರೆ ಬೇರೆ ಲೇಖಕಿಯರ ಹಾಗೆ

ಇವರ ಪುಸ್ತಕ ಬೇಕು ಅಂತ ಸುಮ್ನೆ ಆರ್ಡರ್ ಮಾಡಬೇಡಿ. ಯಾವುದು ಅನ್ನುವುದು ಇಲ್ಲಿ ಮುಖ್ಯ.

‘ದಿ ಮಿಸ್ಟ್ರೆಸ್ ಆಫ್ ಸ್ಪೈಸಸ್’ (1997) ಹೆಸರು ನಮ್ಮಲ್ಲಿ ತುಂಬ ಜನಕ್ಕೆ ಗೊತ್ತು. ಸಿನಿಮಾದಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಐಶ್ವರ್ಯಾ ರೈ ಇದ್ದಾರಲ್ಲ. ಓಕ್ಲೆಂಡಿನ ಒಂದು ಅಂಗಡಿಯಲ್ಲಿ ತಿಲೋ ಅನ್ನುವವಳು ಮಸಾಲೆ ಸಾಮಾನುಗಳ ಮಂತ್ರಶಕ್ತಿಯಿಂದ ಜನರ ಕಷ್ಟ ತೀರಿಸುತ್ತಾಳೆ. ಓದಲು ಹಗುರ. ಆದರೆ ಅರಶಿನ, ಮೆಣಸು ಮಾತಾಡುವುದನ್ನು ನಂಬಲು ಅವು ನಮಗೆ ಅಪರೂಪದ ವಸ್ತುಗಳಾಗಿರಬೇಕಿತ್ತು. ನಮ್ಮ ಮನೆಗಳಲ್ಲಿ ಮೆಣಸು ಕೋರಿ ರೊಟ್ಟಿಯ ಸಾರಿಗೆ ಹೋಗುತ್ತದೆ.

‘ಅರೇಂಜ್ಡ್ ಮ್ಯಾರೇಜ್’ (1995) ಬೇರೆಯೇ ಜಾತಿಯ ಪುಸ್ತಕ. ದಿವಾಕರುಣಿ 1991ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಕಡೆ ‘ಮೈತ್ರಿ’ ಅನ್ನುವ ಸಹಾಯವಾಣಿ ಕಟ್ಟಿದವರಲ್ಲಿ ಒಬ್ಬರು. ಮನೆಯಲ್ಲಿ ಹೊಡೆತ ತಿನ್ನುವ ದಕ್ಷಿಣ ಏಷ್ಯಾದ ಹೆಂಗಸರಿಗಾಗಿ ಇದ್ದದ್ದು ಅದು. ಆ ತಿಳಿವಳಿಕೆ ಈ ಕತೆಗಳಲ್ಲಿದೆ. ‘ಕ್ಲೋತ್ಸ್’ ಕತೆಯಲ್ಲಿ ಹೊಸ ಮದುಮಗಳು ಸುಮಿತಾಳ ಗಂಡ ಅಂಗಡಿಯಲ್ಲಿ ಗುಂಡೇಟಿಗೆ ಸಾಯುತ್ತಾನೆ. ಅವಳ ಮುಂದೆ ಬಿಳಿ ಸೀರೆ ಇದೆ. ವಾಪಸ್ ಹೋದರೆ ಅತ್ತೆ ಮಾವನ ಮನೆಯ ವಿಧವೆ. ಅವಳು ಉಳಿಯುತ್ತಾಳೆ. ‘ದಿ ಅಲ್ಟ್ರಾಸೌಂಡ್’ ಕತೆಯಲ್ಲಿ ಇಬ್ಬರು ಬಸುರಿ ಸೋದರ ಸಂಬಂಧಿಗಳು, ಒಬ್ಬಳು ಅಮೆರಿಕದಲ್ಲಿ, ಒಬ್ಬಳು ಬಂಗಾಳದ ಕೂಡುಕುಟುಂಬದಲ್ಲಿ. ಹೆಣ್ಣು ಭ್ರೂಣ ಅಂತ ಗೊತ್ತಾದ ಮೇಲೆ ಊರಿನವಳಿಗೆ ತೆಗೆಸು ಅನ್ನುವ ಒತ್ತಡ. ಭ್ರೂಣಲಿಂಗ ಪತ್ತೆಯ ವಿರುದ್ಧ ನಮ್ಮ ಕಾಯ್ದೆ ಬಂದದ್ದು 1994ರಲ್ಲಿ, ಅಂದರೆ ಕತೆ ಆ ಕಾಲದ ಬಿಸಿಯಲ್ಲೇ ಬರೆದದ್ದು. ಅಮೆರಿಕ ಚೆನ್ನಾಗಿದೆ, ಊರು ಕೆಟ್ಟದ್ದು ಅನ್ನುವ ಕಡೆಗೆ ತಕ್ಕಡಿ ಸ್ವಲ್ಪ ವಾಲುತ್ತದೆ, ನಿಜ. ಆದರೆ ಅಮೆರಿಕದಲ್ಲಿರುವವಳ ಸೊಕ್ಕಿಗೂ ಪೆಟ್ಟು ಬೀಳುತ್ತದೆ.

‘ದಿ ಪ್ಯಾಲೇಸ್ ಆಫ್ ಇಲ್ಯೂಷನ್ಸ್’ (2008) ದ್ರೌಪದಿ ತಾನೇ ಹೇಳುವ ಮಹಾಭಾರತ. ಅವಳ ಮನಸ್ಸು ಕರ್ಣನ ಕಡೆ ವಾಲುತ್ತದೆ, ಕೆಲವರಿಗೆ ಅಲ್ಲೇ ಸಿಟ್ಟು ಬರುತ್ತದೆ. ನನಗೆ ಸಿಟ್ಟು ಬರಲಿಲ್ಲ. ಬೇರೆ ಸಮಸ್ಯೆ ಬಂತು. ತಾಳಮದ್ದಳೆಯಲ್ಲಿ ದ್ರೌಪದಿ ಒಂದೊಂದು ಪ್ರಶ್ನೆ ಎತ್ತಿ ಇಡೀ ಸಭೆಯನ್ನು ನಿಲ್ಲಿಸುವುದನ್ನು ಕೇಳಿ ಬೆಳೆದವರಿಗೆ ಈ ದ್ರೌಪದಿ ಸ್ವಲ್ಪ ತೆಳು. ಆದರೂ ಮಧ್ಯಾಹ್ನ ಊಟವಾದ ಮೇಲೆ ಓದಲು, ಇಂಗ್ಲಿಷ್ ಅಷ್ಟಾಗಿ ಅಭ್ಯಾಸ ಇಲ್ಲದ ಅಮ್ಮಂದಿರಿಗೆ ಇದಕ್ಕಿಂತ ಸುಲಭದ ಪುಸ್ತಕ ಈ ಪಟ್ಟಿಯಲ್ಲಿ ಇಲ್ಲ. ಕತೆ ಮೊದಲೇ ಗೊತ್ತಿರುವುದರಿಂದ ಪದ ಬಿಟ್ಟುಹೋದರೂ ದಾರಿ ತಪ್ಪುವುದಿಲ್ಲ.

ಅನಿತಾ ದೇಸಾಯಿ: ಊರಿನಲ್ಲೇ ಉಳಿದವಳು

‘ಫಾಸ್ಟಿಂಗ್, ಫೀಸ್ಟಿಂಗ್’ (1999) ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಎರಡು ಭಾಗ. ಮೊದಲ ಭಾಗ ಭಾರತದ ಒಂದು ಸಣ್ಣ ಊರಿನಲ್ಲಿ, ಎರಡನೆಯದು ಮ್ಯಾಸಚೂಸೆಟ್ಸಿನಲ್ಲಿ. ಬೇರೆಯವರೆಲ್ಲ ಬಿಟ್ಟುಬಂದ ಹೆಂಗಸಿನ ಹತ್ತಿರ ಇವರು ಕೂತುಕೊಳ್ಳುತ್ತಾರೆ.

ಉಮಾ ಮನೆಯ ಹಿರಿಮಗಳು. ಶಾಲೆ ಬಿಡಿಸುತ್ತಾರೆ. ವರದಕ್ಷಿಣೆಯ ದುಡ್ಡು ಮೋಸ ಹೋಗುತ್ತದೆ. ಡಾಕ್ಟರಮ್ಮ ಕೆಲಸ ಕೊಡುತ್ತೇನೆ ಅಂದರೂ ಅಪ್ಪ ಅಮ್ಮ ಬಿಡುವುದಿಲ್ಲ. ಅವಳಿಗೆ ಖುಷಿ ಕೊಡುವವರಲ್ಲಿ ಮೀರಾ ಮಾಸಿ (ಮಾಸಿ ಅಂದರೆ ಚಿಕ್ಕಮ್ಮ) ಒಬ್ಬಳು. ವಿಧವೆ, ಕ್ಷೇತ್ರ ಕ್ಷೇತ್ರ ಸುತ್ತುವವಳು, ತನ್ನ ಅಡುಗೆ ತಾನೇ ಮಾಡಿಕೊಳ್ಳುವವಳು, ಪುರಾಣದ ಕತೆ ಹೇಳುವವಳು. ಮಾಸಿಗೆ ತೀರ್ಥಯಾತ್ರೆ ಅಂದರೆ ಯಾರನ್ನೂ ಕೇಳದೆ ಬಸ್ ಹತ್ತುವ ಸ್ವಾತಂತ್ರ್ಯ. ಉಡುಪಿಯ ರಥಬೀದಿಯಲ್ಲಿ ಒಂದು ಬೆಳಿಗ್ಗೆ ನಿಂತರೆ ಇಂಥ ಮಾಸಿಯರು ನಾಲ್ಕು ಜನ ಸಿಗುತ್ತಾರೆ, ಕೈಯಲ್ಲಿ ಬಟ್ಟೆಚೀಲ, ಕಣ್ಣಲ್ಲಿ ಮುಂದಿನ ಊರಿನ ಲೆಕ್ಕ. ಧರ್ಮವನ್ನು ಸೆರೆಮನೆಯಾಗಿಯೂ ಕಿಟಕಿಯಾಗಿಯೂ ಒಟ್ಟಿಗೆ ತೋರಿಸಿದ್ದು ಈ ಪಟ್ಟಿಯಲ್ಲಿ ಇದೊಂದೇ ಅಂತ ನನ್ನ ಲೆಕ್ಕ.

ಇದೇ ಮನೆತನದ ಅನಾಮಿಕಾಗೆ ಆಕ್ಸ್‌ಫರ್ಡಿನಲ್ಲಿ ಸ್ಕಾಲರ್‌ಶಿಪ್ ಸಿಗುತ್ತದೆ. ಆ ಪತ್ರ ಉಪಯೋಗಕ್ಕೆ ಬರುವುದು ಒಳ್ಳೆ ಗಂಡು ಹುಡುಕಲು ಮಾತ್ರ. ಅವಳು ಸುಟ್ಟು ಸಾಯುತ್ತಾಳೆ. ಓದಿ ಮುಗಿಸಿದ ಮೇಲೂ ಆ ಪತ್ರ ತಲೆಯಿಂದ ಹೋಗುವುದಿಲ್ಲ. ಆದರೆ ದೇಸಾಯಿ ಅಲ್ಲಿಗೆ ಬಿಡುವುದಿಲ್ಲ. ಎರಡನೇ ಭಾಗದಲ್ಲಿ ಅಮೆರಿಕದ ಮನೆಯೊಂದರ ತಾಯಿ, ಮಗಳು ಬರುತ್ತಾರೆ. ಫ್ರಿಜ್ ತುಂಬ ತಿಂಡಿ. ಮಗಳು ತಿಂದದ್ದನ್ನೆಲ್ಲ ವಾಂತಿ ಮಾಡುವ ಕಾಯಿಲೆಯಲ್ಲಿದ್ದಾಳೆ, ಕೇಳುವವರಿಲ್ಲ. ಅಮೆರಿಕಕ್ಕೆ ಹೋದರೆ ಎಲ್ಲ ಸರಿ ಅನ್ನುವ ಮಾತಿಗೆ ಇಷ್ಟು ತಣ್ಣಗಿನ ಉತ್ತರ ನಾನು ಬೇರೆಲ್ಲೂ ಓದಿಲ್ಲ. ಪುಟ ಕಡಿಮೆ, ಆದರೆ ಓದು ನಿಧಾನ.

ಗಂಡಸರು ಬರೆದ ಎರಡು

ಅಖಿಲ್ ಶರ್ಮಾ ಅವರ ‘ಫ್ಯಾಮಿಲಿ ಲೈಫ್’ (2014) ತೆಳ್ಳಗಿನ ಪುಸ್ತಕ. 1979ರಲ್ಲಿ ನ್ಯೂಯಾರ್ಕಿನ ಕ್ವೀನ್ಸಿಗೆ ಬಂದ ಕುಟುಂಬ. ದೊಡ್ಡ ಮಗ ಈಜುಕೊಳದ ತಳಕ್ಕೆ ತಲೆ ಬಡಿದು ಮೂರು ನಿಮಿಷ ನೀರಿನಡಿ ಉಳಿದು, ಮಿದುಳು ಹಾಳಾಗಿ ಹಾಸಿಗೆ ಹಿಡಿಯುತ್ತಾನೆ. ತಾಯಿ ಬಿಡುವುದಿಲ್ಲ. ಪೂಜೆ, ಹರಕೆ, ವಾಸಿ ಮಾಡುತ್ತೇವೆ ಅಂತ ಮನೆಗೆ ಬರುವ ಪವಾಡದವರು. ಸುತ್ತಲಿನ ಭಾರತೀಯರು ಅವಳನ್ನು ಸಂತಳ ಹಾಗೆ ನೋಡಿ ಕಾಲಿಗೆ ಬೀಳುತ್ತಾರೆ. ಅವಳಿಗೆ ಅದು ಬೇಕೂ ಬೇಕು, ಭಾರವೂ ಹೌದು. ಚಿಕ್ಕ ಮಗ ಅಜಯ್ ದೇವರ ಜೊತೆ ಮಾತಾಡುತ್ತಾನೆ. ಕೊಳಲು, ನವಿಲುಗರಿಯ ಕೃಷ್ಣನ ಹತ್ತಿರ ಮಿದುಳಿನ ಪೆಟ್ಟಿನ ವಿಷಯ ಹೇಗೆ ಮಾತಾಡುವುದು ಅಂತ ಮುಜುಗರವಾಗಿ, ಕೊನೆಗೆ ಅವನ ದೇವರು ಸೂಪರ್‌ಮ್ಯಾನ್ ಸಿನಿಮಾದ ಕ್ಲಾರ್ಕ್ ಕೆಂಟ್ ಥರ ಸ್ವೆಟರ್ ಹಾಕಿಕೊಂಡು ಬರುತ್ತಾನೆ. ಉಡುಪಿಯವರು ಇದನ್ನು ಓದಿ ನಗಬೇಕೋ ಬೇಜಾರಾಗಬೇಕೋ? ಮಣಿಪಾಲದ ಬಳಗ ಇದನ್ನೇ ತೆಗೆದುಕೊಳ್ಳಲಿ. ಒಂದು ವಾರದಲ್ಲಿ ಎಲ್ಲರೂ ಓದಿ ಮುಗಿಸಬಹುದು, ಮತ್ತು ತಾಯಿ ಮಾಡಿದ್ದು ಸರಿಯೋ ತಪ್ಪೋ ಅಂತ ಜಗಳ ಗ್ಯಾರಂಟಿ.

ವಿ.ಎಸ್. ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ (1961) ಸುಮಾರು 600 ಪುಟ. 1845ರಿಂದ 1917ರವರೆಗೆ ಕೂಲಿಗಳಾಗಿ ಹಡಗು ಹತ್ತಿ ವೆಸ್ಟ್ ಇಂಡೀಸಿನ ಟ್ರಿನಿಡಾಡಿಗೆ ಹೋದವರ ಮಕ್ಕಳು ಮೊಮ್ಮಕ್ಕಳ ಲೋಕ. ತುಳಸಿ ಮನೆತನದ ಹನುಮಾನ್ ಹೌಸಿನಲ್ಲಿ ಅತ್ತೆಯದೇ ಆಡಳಿತ, ಅಳಿಯಂದಿರು ಬಂದು ಸೇರಿಕೊಂಡವರು. ತುಳುನಾಡಿನ ದೊಡ್ಡ ಮನೆತನಗಳ, ಅಂದರೆ ಗುತ್ತಿನ ಮನೆಯ ಕತೆ ಕೇಳಿದವರಿಗೆ ಇದು ತಮಾಷೆಯಾಗಿ ಹತ್ತಿರ ಅನ್ನಿಸುತ್ತದೆ. ಪೂಜೆಯೂ ನಡೆಯುತ್ತದೆ, ಗಂಡುಮಕ್ಕಳು ಕ್ಯಾಥೊಲಿಕ್ ಕಾಲೇಜಿಗೆ ಶಿಲುಬೆ ಹಾಕಿಕೊಂಡೂ ಹೋಗುತ್ತಾರೆ. ಹೆಂಗಸರು ಜೋರಾಗಿದ್ದಾರೆ, ಆದರೆ ಎಲ್ಲರನ್ನೂ ಅಳಿಯ ಬಿಸ್ವಾಸನ ಕಿರಿಕಿರಿಯ ಕಣ್ಣಿನಿಂದಲೇ ನೋಡಬೇಕು. ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಕನ್ನಡದಲ್ಲೇ ಬೇಕು ಅಂದರೆ

ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ (2017) ಓದಿ. ಅಲ್ಲಿ ಕನ್ನಡದ ವೈದ್ಯರು ಬೇರೆ ದೇಶದಿಂದ ಬಂದ ಮುಸ್ಲಿಂ ಹೆಂಗಸರನ್ನು, ಅವರ ನಂಬಿಕೆಗಳನ್ನು ನೋಡುತ್ತಾರೆ. ಅಮೆರಿಕನ್ನರು ನಮ್ಮ ಹೆಂಗಸರನ್ನು ನೋಡುವ ಕಣ್ಣಿನ ಬಗ್ಗೆ ದೂರುವ ನಾವು ಇನ್ನೊಬ್ಬರನ್ನು ಹೇಗೆ ನೋಡುತ್ತೇವೆ ಅಂತ ಗೊತ್ತಾಗುತ್ತದೆ. ಒಂದು ಪಕ್ಕದಲ್ಲಿ ವೈದೇಹಿಯವರ ಕತೆಗಳನ್ನೂ ಇಟ್ಟುಕೊಳ್ಳಿ. ಅವರು ವಲಸೆಯ ಲೇಖಕಿ ಅಲ್ಲ. ಆದರೆ ಕುಂದಾಪುರದ ಹಿತ್ತಲಿನ ಹೆಂಗಸರನ್ನು ಒಳಗಿನಿಂದ ಬರೆದದ್ದನ್ನು ಓದಿದ ಮೇಲೆ, ಯಾವ ಇಂಗ್ಲಿಷ್ ಕಾದಂಬರಿಯಲ್ಲಿ ಹೆಂಗಸು ನಿಜ, ಯಾವುದರಲ್ಲಿ ಅಲಂಕಾರ ಅಂತ ಹತ್ತು ಪುಟದಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕದ್ರಿಯ ತಾಯಿಗೆ ನನ್ನ ಉತ್ತರ ಲಾಹಿರಿಯ ಕಥಾಸಂಕಲನ. ‘ದಿ ನೇಮ್‌ಸೇಕ್’ ಅನ್ನು ನೀವೇ ಇಟ್ಟುಕೊಳ್ಳಿ ಅಮ್ಮ, ಅದು ಮಗಳಿಗಿಂತ ನಿಮಗೆ ಜಾಸ್ತಿ ಬೇಕಾಗುತ್ತದೆ. ಒಂದೇ ಪುಸ್ತಕಕ್ಕೆ ದುಡ್ಡಿದ್ದು, ದೇವರನ್ನು ಬೈದದ್ದು ಬೇಡ ಅನ್ನುವ ಷರತ್ತನ್ನು ಸ್ವಲ್ಪ ಸಡಿಲ ಮಾಡಲು ಒಪ್ಪಿದರೆ ಅನಿತಾ ದೇಸಾಯಿ.

ಕೊಣಾಜೆಯ ಹುಡುಗಿ ‘ಜಾಸ್ಮಿನ್’ ಬಿಡಬೇಕಿಲ್ಲ. ಆದರೆ ಒಂಟಿಯಾಗಿ ತೆಗೆದುಕೊಂಡರೆ ಪ್ರಾಜೆಕ್ಟು ಕಾಳಿ, ಸತಿ, ಮೂರನೇ ಕಣ್ಣು ಅಂತ ಪಟ್ಟಿ ಮಾಡುವುದರಲ್ಲೇ ಮುಗಿಯುತ್ತದೆ. ಜೊತೆಗೆ ‘ಫಾಸ್ಟಿಂಗ್, ಫೀಸ್ಟಿಂಗ್’ ಇಟ್ಟು ಹೊರಟವಳನ್ನೂ ಉಳಿದವಳನ್ನೂ ಎದುರುಬದುರು ಕೂರಿಸಿದರೆ ಬರೆಯಲು ನಿಜವಾದ ವಿಷಯ ಸಿಗುತ್ತದೆ. ಮೂರನೆಯ ಅಧ್ಯಾಯಕ್ಕೆ ಜಾಗ ಉಳಿದರೆ ಅಳಿಯಕಟ್ಟಿನ ಮನೆಯ ಯಾರಾದರೂ ಹಿರಿಯ ಹೆಂಗಸಿಗೆ ಉಮಾಳ ಕತೆ ಹೇಳಿ, ಅವರು ಏನು ಅನ್ನುತ್ತಾರೆ ಅಂತ ಬರೆದುಕೊಂಡು ಬನ್ನಿ. ಅದನ್ನು ಯಾವ ಲೈಬ್ರರಿಯ ವಿಮರ್ಶೆಯಲ್ಲೂ ಹುಡುಕಬೇಕಾಗಿಲ್ಲ.